ಪೇತ್ರನ ಜೊತೆ ಎಂಟು ಗುರುವಾರ: ಮನೆಕೂಟದಲ್ಲಿ ಅವನ ಬದುಕನ್ನು ಓದುವ ಬಗೆ

ನಮ್ಮ ಮನೆ ವಿಲ್ಸನ್ ಗಾರ್ಡನ್‌ನಲ್ಲಿದೆ. ಹೊರಗಿನ ಕೋಣೆ ಹತ್ತಡಿಗೆ ಹನ್ನೆರಡಡಿ. ಗುರುವಾರ ಸಂಜೆ ಏಳಕ್ಕೆ ಅಲ್ಲಿ ಒಂಬತ್ತು ಹತ್ತು ಮಂದಿ ಸೇರುತ್ತೇವೆ. ಬಿಎಂಟಿಸಿಯಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದ ಅಣ್ಣ, ಗಾರ್ಮೆಂಟ್ಸ್‌ಗೆ ಹೋಗುವ ಇಬ್ಬರು ಹುಡುಗಿಯರು, ಆಟೋ ಓಡಿಸುವ ತಮ್ಮ, ನರ್ಸ್ ಕೆಲಸದ ಅಕ್ಕ, ಪಿಯುಸಿ ಓದುವ ಹುಡುಗ, ಹೀಗೆ. ನಾನು ಮೂವತ್ತೆರಡು ವರ್ಷ ಪ್ರೈಮರಿ ಮಕ್ಕಳಿಗೆ ಪಾಠ ಹೇಳಿದವಳು. ಕಳೆದ ವರ್ಷ ಈಸ್ಟರ್ ಕಳೆದ ಮೇಲೆ ಎಂಟು ಗುರುವಾರ ಯೇಸುವಿನ ಶಿಷ್ಯ, ಅಪೊಸ್ತಲನಾದ ಪೇತ್ರನೊಬ್ಬನನ್ನೇ ಓದಿದೆವು. ಬೇರೆ ಸಭೆಯ ಕೆಲವು ಸಹೋದರಿಯರು, "ನಾವೂ ಮಾಡಬೇಕು, ಹೇಗೆ ಮಾಡಿದಿರಿ, ಬರೆದುಕೊಡಿ" ಎಂದರು. ಅವರಿಗಾಗಿ ಇದು.

ಪೇತ್ರನ ಬಗ್ಗೆ ಪ್ರಸಂಗ ಕೇಳದವರು ನಮ್ಮಲ್ಲಿ ಯಾರೂ ಇರಲಿಲ್ಲ. ಎಲ್ಲರ ತಲೆಯಲ್ಲೂ ಇದ್ದದ್ದು ಒಂದೇ ಚಿತ್ರ: ಪೆಂತೆಕೊಸ್ತಿನವರೆಗೆ, ಅಂದರೆ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ದಿನದವರೆಗೆ, ಅಂಜುಬುರುಕ, ಅಲ್ಲಿಂದಾಚೆ ಸಿಂಹ. ನಾನೂ ಮಕ್ಕಳಿಗೆ ಭಾನುವಾರ ಶಾಲೆಯಲ್ಲಿ ಹಾಗೇ ಹೇಳಿಕೊಟ್ಟಿದ್ದೆ. ಆದರೆ ಸತ್ಯವೇದವನ್ನು (ಬೈಬಲನ್ನು) ಮೊದಲಿಂದ ಕೊನೆವರೆಗೆ ಅವನ ಹಿಂದೆಯೇ ನಡೆದುಕೊಂಡು ಹೋದರೆ ಆ ಚಿತ್ರ ನಿಲ್ಲುವುದಿಲ್ಲ. ಪವಿತ್ರಾತ್ಮನನ್ನು ಪಡೆದು, ಸಾವಿರಾರು ಜನರ ಮುಂದೆ ಸಾರಿ, ಸೆರೆಮನೆ ಕಂಡು ಬಂದ ಮೇಲೂ ಅಂತಿಯೋಕ್ಯ ಪಟ್ಟಣದಲ್ಲಿ ಅವನು ಮತ್ತೆ ಜನರಿಗೆ ಹೆದರಿದ. ಅದೂ ಊಟದ ಪಂಕ್ತಿಯಲ್ಲಿ. ಅಲ್ಲಿಗೆ ಮುಟ್ಟುವವರೆಗೂ ಓದದಿದ್ದರೆ ಪೇತ್ರನನ್ನು ಓದಿದ ಹಾಗಾಗುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಎಂಟು ವಾರದ ಏರ್ಪಾಡೆಲ್ಲ ಆ ಪಂಕ್ತಿಯ ಕಡೆಗೇ ಸಾಗುವಂತೆ ಮಾಡಿದ್ದು ಅದಕ್ಕೇ.

ಶುರು ಮಾಡುವ ಮೊದಲು

ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ತನ್ನಿ. ಕೂಟಕ್ಕೆಲ್ಲ ಒಂದೇ ಸಾಕು, ವಾರಕ್ಕೊಬ್ಬರು ಬರೆಯಲಿ. ಪುಟಕ್ಕೆ ಮೂರು ಕಾಲಂ ಎಳೆಯಿರಿ: ಪೇತ್ರ ಎಲ್ಲಿದ್ದಾನೆ, ಯಾರ ಜೊತೆ ಇದ್ದಾನೆ, ಯಾವುದಕ್ಕೆ ಹೆದರುತ್ತಿದ್ದಾನೆ. ಇಷ್ಟೇ ಪ್ರಶ್ನೆ. "ಈ ಭಾಗದಿಂದ ನಾವೇನು ಕಲಿಯುತ್ತೇವೆ" ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದ ಕೂಡಲೇ ಎಲ್ಲರೂ ಭಾನುವಾರದ ಮುಖ ಹಾಕಿಕೊಂಡು ಗೊತ್ತಿರುವ ಉತ್ತರವನ್ನೇ ಒಪ್ಪಿಸುತ್ತಾರೆ. ಎಲ್ಲಿ ಕೂತಿದ್ದ, ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿ ನೋಡಿ. ಓದಲು ತಡವರಿಸುವವರೂ ವಚನಕ್ಕೆ ಬೆರಳಿಟ್ಟು ಹುಡುಕುತ್ತಾರೆ.

ಎರಡು ಬಣ್ಣದ ಪೆನ್ಸಿಲ್ ಬೇಕು. ಅವನು ಯೇಸುವಿಗೆ "ಬೇಡ, ಹಾಗಾಗಕೂಡದು" ಎಂದ ಕಡೆಯೆಲ್ಲ ಕೆಂಪು ಗೆರೆ. ಯೇಸು ಅವನನ್ನು ಹಳೆಯ ಹೆಸರಿನಿಂದ "ಸೀಮೋನನೇ" ಎಂದು ಕರೆದ ಕಡೆಯೆಲ್ಲ ನೀಲಿ ಗೆರೆ. ಯಾಕೆಂದು ಮೊದಲೇ ಹೇಳಿಬಿಡಬೇಡಿ.

ಕನ್ನಡ ಸತ್ಯವೇದದ ಹಳೆಯ ಭಾಷಾಂತರ, ಹೊಸ ಭಾಷಾಂತರ ಎರಡೂ ಕೋಣೆಯಲ್ಲಿರಲಿ. ನಮ್ಮ ಮನೆಯಲ್ಲಿ ಇದ್ದದ್ದು ಹಳೆಯದೊಂದೇ, ಅದೂ ಅತ್ತೆಯವರ ಕಾಲದ್ದು. ಹೊಸದನ್ನು ಮಹಾತ್ಮ ಗಾಂಧಿ ರಸ್ತೆಯ ಬೈಬಲ್ ಸೊಸೈಟಿಗೆ ಹೋಗಿ ತಂದೆ. ಹಳೆಯದರ ಗಾಂಭೀರ್ಯ ಓದಲು ಚೆಂದ, ಹುಡುಗರಿಗೆ ಅರ್ಥವಾಗುವುದು ಹೊಸದು. ಒಬ್ಬರು ಅದನ್ನು, ಇನ್ನೊಬ್ಬರು ಇದನ್ನು ಗಟ್ಟಿಯಾಗಿ ಓದಲಿ. ಮೊಬೈಲಿನಲ್ಲಿ ಓದುವುದು ಬೇಡ ಎಂದು ನಾನು ಕೇಳಿಕೊಂಡೆ. ಪುಟ ಹಿಂದೆ ಮುಂದೆ ತಿರುಗಿಸುವುದು ಈ ಅಧ್ಯಯನಕ್ಕೆ ತುಂಬ ಬೇಕು.

ಏಳಕ್ಕೆ ಎಂದು ಹೇಳಿದರೂ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಜನ ಬರುವುದು ಏಳೂಕಾಲಿಗೆ. ಬರುವವರೆಗೆ ಟೀ, ಬನ್ನು ಕೊಡಿ. ಟೀಯನ್ನು ಕೊನೆಗೆ ಇಡಬೇಡಿ. ಹಸಿದು ಬಂದವರಿಗೆ ವಚನ ಕೇಳಿಸುವುದಿಲ್ಲ. ಎಂಟೂವರೆಗೆ ಎದ್ದುಬಿಡಬೇಕು, ಮಾತು ಎಷ್ಟು ರುಚಿಯಾಗಿ ಸಾಗುತ್ತಿದ್ದರೂ ಸರಿ.

ದೋಣಿ, ಮನೆ, ಅತ್ತೆ

ಮೊದಲ ವಾರ ಯೋಹಾನ 1:40ರಿಂದ 44, ಲೂಕ 5:1ರಿಂದ 11, ಮಾರ್ಕ 1:29ರಿಂದ 31. ಊರು ಬೇತ್ಸಾಯಿದ, ಮನೆ ಕಪೆರ್ನೌಮ್, ಕಸುಬು ಮೀನು ಹಿಡಿಯುವುದು, ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರು ಪಾಲುಗಾರರು. ಅವನನ್ನು ಯೇಸುವಿನ ಬಳಿಗೆ ಕರೆತಂದವನು ಒಡಹುಟ್ಟಿದ ಅಂದ್ರೆಯ. ಹೋದ ಕೂಡಲೇ ಯೇಸು ಅವನಿಗೆ ಕೇಫ ಎಂದು ಹೊಸ ಹೆಸರಿಟ್ಟ. ಅರಾಮಿಕ್ ಮಾತಿನಲ್ಲಿ ಕೇಫ ಎಂದರೆ ಬಂಡೆ, ಅದೇ ಗ್ರೀಕಿನಲ್ಲಿ ಪೇತ್ರ.

ಆ ಸರೋವರವನ್ನು ಕಣ್ಣಿಗೆ ಕಟ್ಟಿಸಿ. ಉದ್ದ ಸುಮಾರು 21 ಕಿಲೋಮೀಟರ್, ಹೆಚ್ಚು ಅಗಲವಿರುವ ಕಡೆ 13. ನಮ್ಮ ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದ್ದರೆ ಗಲಿಲಾಯ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ಸುತ್ತ ಗುಡ್ಡ. ಗುಡ್ಡದಿಂದ ತಂಪುಗಾಳಿ ಒಮ್ಮೆಲೇ ಇಳಿದಾಗ ಬಿರುಗಾಳಿ ಏಳುತ್ತದೆ. 1986ರಲ್ಲಿ ಮಳೆ ಕೈಕೊಟ್ಟು ನೀರು ಇಳಿದಾಗ ಕೆಸರಿನಲ್ಲಿ ಯೇಸುವಿನ ಕಾಲದ ಆಸುಪಾಸಿನ ಒಂದು ದೋಣಿ ಸಿಕ್ಕಿತು. ಅದರ ಉದ್ದ 8 ಮೀಟರಿಗಿಂತ ತುಸು ಹೆಚ್ಚು, ಅಗಲ 2.3 ಮೀಟರ್. ನಮ್ಮ ಕಂಡಕ್ಟರ್ ಅಣ್ಣ ಎದ್ದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ, "ಬಸ್ಸಿಗಿಂತ ಚಿಕ್ಕದು, ಅಗಲ ಬಸ್ಸಿನಷ್ಟೇ" ಎಂದರು. ಆಮೇಲೆ ಬಲೆ ತುಂಬಿ ದೋಣಿ ಮುಳುಗುವ ಹಾಗಾದದ್ದನ್ನು ಓದಿದಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ.

ಆ ದೋಣಿಯಲ್ಲೇ ಪೇತ್ರ ಮೊಣಕಾಲೂರಿ, ನಾನು ಪಾಪಿ, ನನ್ನನ್ನು ಬಿಟ್ಟು ಹೋಗು ಎಂದದ್ದು. ಮೂರನೆಯ ಕಾಲಂನಲ್ಲಿ ಮೊದಲ ಭಯ: ಹತ್ತಿರ ಬಂದ ದೇವರ ಭಯ. ಇದು ಒಳ್ಳೆಯ ಭಯ. ಮುಂದೆ ಬರುವ ಭಯಗಳು ಬೇರೆ ಥರದವು.

ಅತ್ತೆಯ ಜ್ವರದ ಮೂರು ವಚನಗಳನ್ನು ಬಿಡಬೇಡಿ. ಅತ್ತೆ ಇದ್ದಾಳೆಂದರೆ ಹೆಂಡತಿಯೂ ಇದ್ದಳು. ಕೇಫನು ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಸಂಚರಿಸುತ್ತಿದ್ದನೆಂದು ಇನ್ನೊಬ್ಬ ಅಪೊಸ್ತಲನಾದ ಪೌಲನು 1 ಕೊರಿಂಥ 9:5ರಲ್ಲಿ ಹೇಳುತ್ತಾನೆ. ಗಾರ್ಮೆಂಟ್ಸಿನ ಹುಡುಗಿಯೊಬ್ಬಳು, "ಹಾಗಾದರೆ ಬಲೆ ಬಿಟ್ಟು ಹೋದಾಗ ಮನೆ ಖರ್ಚು ಯಾರು ನೋಡಿಕೊಂಡರು ಆಂಟಿ?" ಎಂದು ಕೇಳಿದಳು. ಉತ್ತರ ಪುಸ್ತಕದಲ್ಲಿಲ್ಲ. ಆದರೂ ಆ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆಸಿದೆ. ಹೆಸರು ಬರೆದಿಡದ ಆ ಹೆಂಗಸಿನ ಬಗ್ಗೆ ಅಷ್ಟಾದರೂ ಯೋಚಿಸಬೇಕು ಅನಿಸಿತು.

ಎರಡನೆಯ ವಾರ ಮತ್ತಾಯ 14:22ರಿಂದ 33, ನೀರಿನ ಮೇಲೆ ನಡೆದದ್ದು. ಯೇಸು ನೀರಿನ ಮೇಲೆ ನಡೆದ ವಿಷಯ ಮಾರ್ಕ, ಯೋಹಾನರಲ್ಲೂ ಇದೆ. ಪೇತ್ರ ಇಳಿದು ನಡೆದದ್ದು ಮತ್ತಾಯನಲ್ಲಿ ಮಾತ್ರ. ಇದರ ಬಗ್ಗೆ ಎಲ್ಲರೂ ಸಾಕಷ್ಟು ಕೇಳಿರುತ್ತಾರೆ, ಬೇಗ ಮುಗಿಸಿ. ಒಂದೇ ಒಂದು ವಿಷಯ ಹಿಡಿದು ನಿಲ್ಲಿಸಿ: ಮುಳುಗುವಾಗ ಅವನು ಕೂಗಿದ. ಕೂಗುವುದಕ್ಕೆ ನಾಚಲಿಲ್ಲ. ಈ ಮನುಷ್ಯನ ಸ್ವಭಾವದಲ್ಲಿ ಮೊದಲಿಂದ ಕೊನೆವರೆಗೂ ಮಾಸದೆ ಉಳಿದ ಗುಣ ಇದು.

ಬಂಡೆಯೂ ಎಡವುಗಲ್ಲೂ

ಮೂರನೆಯ ವಾರ ಮತ್ತಾಯ 16:13ರಿಂದ 23. ಫಿಲಿಪ್ಪನ ಕೈಸರೈಯದ ಸೀಮೆಯಲ್ಲಿ, ನೀನು ಕ್ರಿಸ್ತನು ಎಂದು ಪೇತ್ರ ಅರಿಕೆ ಮಾಡಿದ. ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು ಎಂಬ ಮಾತು ಅವನಿಗೆ ಸಿಕ್ಕಿತು. ಐದಾರು ವಚನ ಕಳೆಯುವಷ್ಟರಲ್ಲಿ, ಯೇಸು ತನ್ನ ಮರಣದ ಬಗ್ಗೆ ಹೇಳಿದಾಗ, ಅದೇ ಬಾಯಿ, ಕರ್ತನೇ ನಿನಗೆ ಹೀಗಾಗಕೂಡದು ಎಂದಿತು, ಅದೇ ಯೇಸು ಅವನನ್ನು ಸೈತಾನನೇ ಎಂದು ಗದರಿಸಿದ. ಬಂಡೆಯಾದವನು ಕಾಲಿಗೆ ಸಿಗುವ ಕಲ್ಲಾದ. ಮೊದಲ ಕೆಂಪು ಗೆರೆ ಇಲ್ಲಿ ಬೀಳುತ್ತದೆ.

ಇದನ್ನೇ ಮಾರ್ಕ 8:27ರಿಂದ 33ರಲ್ಲಿ ಓದಿಸಿ. ಅಲ್ಲಿ ಗದರಿಕೆ ಇದೆ, ಬಂಡೆಯ ಮೆಚ್ಚುಗೆ ಇಲ್ಲ. ಮಾರ್ಕನು ಪೇತ್ರನ ಮಾತುಗಳನ್ನು ಭಾಷಾಂತರಿಸಿ ಹೇಳುತ್ತಿದ್ದವನು, ಅವನಿಂದ ಕೇಳಿದ್ದನ್ನೇ ಬರೆದಿಟ್ಟನು ಎಂದು 2ನೇ ಶತಮಾನದ ಮೊದಲ ಭಾಗದಲ್ಲಿದ್ದ ಪಪಿಯಾಸ್ ಹೇಳಿದ್ದನ್ನು ಸಭಾಚರಿತ್ರೆ ಬರೆದ ಯೂಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ಅದು ನಿಜವಾದರೆ, ತನ್ನ ಕಥೆ ಹೇಳುವಾಗ ಪೇತ್ರ ಹೊಗಳಿಕೆಯನ್ನು ಬಿಟ್ಟು ಬೈಗುಳವನ್ನು ಉಳಿಸಿಕೊಂಡ. ಅವನು ಎಷ್ಟು ಬೆಳೆದನೆಂದು ನನಗೆ ಮೊದಲ ಸಲ ಹೊಳೆದದ್ದು ಅವನು ಮಾಡಿದ ಅದ್ಭುತಗಳಲ್ಲಲ್ಲ, ಈ ಬಿಟ್ಟ ಜಾಗದಲ್ಲಿ.

ಸಮಯ ಉಳಿದರೆ ಯೋಹಾನ 13ರ ಪಾದ ತೊಳೆದ ಭಾಗವನ್ನು ಸೇರಿಸಿಕೊಳ್ಳಿ. ನನ್ನ ಕಾಲು ಎಂದಿಗೂ ತೊಳೆಯಕೂಡದು ಎಂದದ್ದಕ್ಕೆ ಎರಡನೆಯ ಕೆಂಪು ಗೆರೆ. ಯೇಸು ಸೊಂಟಕ್ಕೆ ಕಟ್ಟಿಕೊಂಡ ಆ ಬಟ್ಟೆಯನ್ನು ನೆನಪಿಟ್ಟುಕೊಳ್ಳಲು ಹೇಳಿ. ಕೊನೆಯ ವಾರ ಬೇಕಾಗುತ್ತದೆ.

ಇದ್ದಲು

ನಾಲ್ಕನೆಯ, ಐದನೆಯ ವಾರಕ್ಕೆ ಒಂದು ಸಣ್ಣ ಕಬ್ಬಿಣದ ಒಲೆ, ಒಂದಷ್ಟು ಇದ್ದಲು ಹೊಂದಿಸಿಕೊಳ್ಳಿ. ನಮ್ಮ ರಸ್ತೆಯ ತಿರುವಿನಲ್ಲಿ ಇಸ್ತ್ರಿ ಗಾಡಿಯವರಿದ್ದಾರೆ, ಅವರನ್ನು ಕೇಳಿ ಒಂದು ಚೀಲ ಇದ್ದಲು ತಂದೆ. ಒಲೆಯನ್ನು ಬಾಗಿಲ ಹೊರಗೆ, ವರಾಂಡದಲ್ಲಿ ಹಚ್ಚಿ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯೊಳಗೆ ಖಂಡಿತ ಬೇಡ, ಇದ್ದಲಿನ ಹೊಗೆಯಲ್ಲಿ ಕಣ್ಣಿಗೆ ಕಾಣದ ವಿಷಗಾಳಿ ಇರುತ್ತದೆ. ಯಾಕೆ ಹಚ್ಚಿದಿರಿ ಎಂದು ಕೇಳಿದರೆ ಸುಮ್ಮನಿರಿ.

ನಾಲ್ಕನೆಯ ವಾರ ಮೊದಲು ಲೂಕ 22:31ರಿಂದ 34. "ಸೀಮೋನನೇ, ಸೀಮೋನನೇ" ಎಂದು ಎರಡು ಸಲ ನೀಲಿ ಗೆರೆ. ನಿನ್ನ ನಂಬಿಕೆ ಕುಂದಬಾರದೆಂದು ನಿನಗಾಗಿ ಬೇಡಿಕೊಂಡೆ ಎಂದು ಯೇಸು ಹೇಳುವುದು ಇಲ್ಲೇ. 34ನೇ ವಚನದಲ್ಲಿ ಮಾತ್ರ ಯೇಸು ಅವನನ್ನು "ಪೇತ್ರನೇ" ಎಂದು ಕೂಗುತ್ತಾನೆ. ನಾಲ್ಕು ಸುವಾರ್ತೆಗಳಲ್ಲಿ ಎದುರಿಗೆ ನಿಂತು ಹಾಗೆ ಸಂಬೋಧಿಸಿದ್ದು ಇದೊಂದೇ ಸಲ. ಅದೂ ನೀನು ನನ್ನನ್ನು ಮೂರು ಸಾರಿ ಅಲ್ಲಗಳೆಯುವೆ ಎಂದು ತಿಳಿಸುವುದಕ್ಕೆ. ಬೀಳಲಿರುವವನನ್ನು ಬಂಡೆ ಎಂದು ಕರೆದ. ಇಲ್ಲಿ ನಾನು ಓದುವುದನ್ನು ನಿಲ್ಲಿಸಿದೆ, ಯಾರೂ ಮಾತಾಡಲಿಲ್ಲ. ಇಂಥ ಮೌನವನ್ನು ಮುರಿಯಬೇಡಿ. ಮೇಷ್ಟ್ರ ಚಾಳಿ ಇರುವವರಿಗೆ ಇದು ಕಷ್ಟ, ಆದರೂ ಒಂದೆರಡು ನಿಮಿಷ ಬಿಡಿ.

ಆಮೇಲೆ ಯೋಹಾನ 18:15ರಿಂದ 27, ಮತ್ತಾಯ 26:69ರಿಂದ 75. ಮಹಾಯಾಜಕನ ಅಂಗಳ, ಚಳಿ, ಕೆಂಡದ ಒಲೆ, ಸುತ್ತ ಆಳುಗಳು. ಯಾರ ಜೊತೆ ಇದ್ದಾನೆ ಎಂಬ ಕಾಲಂ ತುಂಬಿಸಲು ಹೇಳಿ: ಯೇಸುವನ್ನು ಹಿಡಿದು ತಂದವರ ಜೊತೆ, ಅವರದೇ ಬೆಂಕಿಗೆ ಕೈಯೊಡ್ಡಿಕೊಂಡು. ಸ್ವಲ್ಪ ಹೊತ್ತಿನ ಮುಂಚೆ ಮಹಾಯಾಜಕನ ಆಳು ಮಲ್ಕನ ಕಿವಿ ಕತ್ತರಿಸಿದವನು ಕತ್ತಿಗೆ ಹೆದರಿದವನಲ್ಲ. ಬಾಗಿಲು ಕಾಯುವ ಹುಡುಗಿಯ ಒಂದು ಮಾತಿಗೆ ಹೆದರಿದ. ಅವನನ್ನು ಹಿಡಿದುಕೊಟ್ಟದ್ದು ಅವನ ಗಲಿಲಾಯದ ಮಾತು.

ಇದನ್ನು ವಿವರಿಸಲು ಬೇರೆ ಪುಸ್ತಕ ಬೇಡ, ಬೆಂಗಳೂರಿನಲ್ಲಿ ಇದ್ದವರಿಗೆ ಗೊತ್ತು. ಕೂಟದಲ್ಲಿರುವ ಒಬ್ಬೊಬ್ಬರನ್ನೂ, ನಿಮ್ಮ ಊರಿನ ಯಾವ ಮಾತನ್ನು ಇಲ್ಲಿಗೆ ಬಂದ ಮೇಲೆ ಬಿಟ್ಟಿರಿ ಎಂದು ಕೇಳಿ. ನಾನು ನನ್ನದನ್ನು ಮೊದಲು ಹೇಳಿದೆ. ನನ್ನ ಊರು ಕೊಳ್ಳೇಗಾಲದ ಕಡೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಸ್ಟಾಫ್ ರೂಮಿನಲ್ಲಿ "ಬುಡಿ" ಎಂದದ್ದಕ್ಕೆ ನಕ್ಕರು. ವರ್ಷದೊಳಗೆ "ಬಿಡಿ" ಅನ್ನುವುದನ್ನು ಕಲಿತೆ. ಒಂದು ದಿನ ನಮ್ಮಪ್ಪ ಪಂಚೆ ಉಟ್ಟುಕೊಂಡು, ಚೀಲದಲ್ಲಿ ಅವರೆಕಾಯಿ ತುಂಬಿಕೊಂಡು ಸ್ಕೂಲಿನ ಗೇಟಿಗೆ ಬಂದರು. ಒಳಗೆ ಕರೆಯದೆ ಅಲ್ಲೇ ಮಾತಾಡಿಸಿ ಕಳಿಸಿದೆ. ಯಾರು ಮೇಡಂ ಅದು ಎಂದು ಕೇಳಿದವರಿಗೆ "ನಮ್ಮೂರಿನವರು" ಎಂದೆ. ಅಪ್ಪ ಆಗ ಇನ್ನೂ ರಸ್ತೆ ದಾಟಿರಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ, ಒಮ್ಮೆ ತಿರುಗಿ ನೋಡಿದರು. ಲೂಕ 22:61ರಲ್ಲಿ ಕರ್ತನು ತಿರುಗಿಕೊಂಡು ಪೇತ್ರನನ್ನು ನೋಡಿದನು ಎಂದಿದೆ. ಆ ವಚನವನ್ನು ಗಟ್ಟಿಯಾಗಿ ಓದುವುದು ನನ್ನಿಂದ ಇವತ್ತಿಗೂ ಆಗುವುದಿಲ್ಲ, ಅವತ್ತು ನರ್ಸ್ ಅಕ್ಕ ಓದಿದರು.

ಆ ದಿನ ಪ್ರಾರ್ಥನೆ ಚಿಕ್ಕದಾಗಿರಲಿ. ಸಮಾಧಾನದ ಮಾತು ಹೇಳಬೇಡಿ. ಅಳು ಬಂದವರು ಅಳಲಿ, ಮನೆಗೆ ಹೋಗಲಿ.

ಐದನೆಯ ವಾರ ಮತ್ತೆ ಅದೇ ಜಾಗದಲ್ಲಿ, ಅದೇ ಒಲೆಯಲ್ಲಿ ಇದ್ದಲು ಹಚ್ಚಿ. ಈ ಸಲ ಮೇಲೆ ಮೀನು. ಗಲಿಲಾಯದಲ್ಲಿ ಪೇತ್ರನ ಮೀನು ಎಂದು ಕರೆಯುವುದು ತಿಲಾಪಿಯ ಜಾತಿಯದು, ಅದರ ಬಳಗದ್ದನ್ನೇ ನಮ್ಮ ಮೀನಂಗಡಿಗಳಲ್ಲಿ ಜಿಲೇಬಿ ಮೀನು ಅನ್ನುತ್ತಾರೆ. ಬೆಲೆಯೂ ಕಡಿಮೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಬೆಳಗ್ಗೆ ಹೋದರೆ ತಾಜಾ ಸಿಗುತ್ತದೆ. ಉಪ್ಪು, ಅರಿಶಿನ, ಖಾರದ ಪುಡಿ, ನಿಂಬೆರಸ ಸವರಿ ಜಾಲರಿಯ ಮೇಲೆ ಸುಡಿ. ಮಸಾಲೆ ಜಾಸ್ತಿ ಮಾಡಬೇಡಿ, ಇದ್ದಲಿನ ವಾಸನೆ ಮುಚ್ಚಿಹೋಗುತ್ತದೆ.

ಓದಬೇಕಾದ್ದು ಮೊದಲು ಮಾರ್ಕ 16:7. ಸಮಾಧಿಯ ಹತ್ತಿರ ಹೆಂಗಸರಿಗೆ ಸಿಕ್ಕ ಸಂದೇಶದಲ್ಲಿ "ಶಿಷ್ಯರಿಗೂ ಪೇತ್ರನಿಗೂ" ತಿಳಿಸಿ ಎಂದು ಅವನ ಹೆಸರು ಬೇರೆಯಾಗಿ ಬಂದಿದೆ. ಆಮೇಲೆ ಯೋಹಾನ 21. ಒಂಬತ್ತನೆಯ ವಚನಕ್ಕೆ ಬಂದಾಗ ಪಿಯುಸಿ ಹುಡುಗ ಬಾಗಿಲ ಕಡೆ ನೋಡಿ, "ಆಂಟಿ, ಹೋದ ವಾರದ ವಾಸನೆ" ಎಂದ. ಗ್ರೀಕ್ ಮೂಲದಲ್ಲಿ ಕೆಂಡದ ಒಲೆಗೆ ಅಂಥ್ರಕಿಯಾ ಎಂಬ ಪದವಿದೆ. ಹೊಸ ಒಡಂಬಡಿಕೆಯಲ್ಲೆಲ್ಲ ಅದು ಬರುವುದು ಎರಡೇ ಕಡೆ, ಅಲ್ಲಗಳೆದ ಅಂಗಳದಲ್ಲಿ ಮತ್ತು ಈ ದಡದಲ್ಲಿ. ಆ ಹುಡುಗ ಹೇಳಿದ ಮೇಲೆ ಇದನ್ನು ತಿಳಿಸಿ, ಮೊದಲಲ್ಲ.

ಮೂರು ಪ್ರಶ್ನೆಗೂ "ಯೋಹಾನನ ಮಗನಾದ ಸೀಮೋನನೇ" ಎಂದೇ ಕರೆಯುವುದು. ಮೂರು ನೀಲಿ ಗೆರೆ ಎಳೆಯುವಾಗ ಹುಡುಗಿಯರು ತಾವೇ ಹಿಂದಿನ ಪುಟ ತಿರುಗಿಸಿ ಎಣಿಸಿದರು. ಪ್ರೀತಿಗೆ ಇಲ್ಲಿ ಎರಡು ಗ್ರೀಕ್ ಪದ ಬಳಸಿರುವುದರ ಮೇಲೆ ದೊಡ್ಡ ಪ್ರಸಂಗಗಳಿವೆ. ಯೋಹಾನನು ಬೇರೆ ಕಡೆಗಳಲ್ಲೂ ಆ ಎರಡನ್ನು ಬದಲಾಯಿಸಿ ಬಳಸುತ್ತಾನೆ, ಅದರಲ್ಲಿ ಹೊತ್ತು ಕಳೆಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. 153 ಮೀನುಗಳ ಲೆಕ್ಕಕ್ಕೆ ಅರ್ಥ ಹುಡುಕುವುದೂ ಬೇಡ. ಬೆಸ್ತರು ಹಿಡಿದ ಮೀನನ್ನು ಎಣಿಸದೆ ಹಂಚಿಕೊಳ್ಳುವುದು ಹೇಗೆ?

20ರಿಂದ 22ರವರೆಗಿನ ವಚನ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಕುರಿ ಮೇಯಿಸು ಎಂಬ ಅಪ್ಪಣೆ ಸಿಕ್ಕಿದ ಮರುಗಳಿಗೆಯೇ ಪೇತ್ರ ತಿರುಗಿ ಇನ್ನೊಬ್ಬ ಶಿಷ್ಯನನ್ನು ನೋಡಿ, ಇವನ ಗತಿ ಏನು ಎನ್ನುತ್ತಾನೆ. ಯೇಸು, ಅದು ನಿನಗೇಕೆ ಎನ್ನುತ್ತಾನೆ. ಕ್ಷಮೆ ಸಿಕ್ಕಿದ ದಿನವೇ ಪಕ್ಕದವನ ಕಡೆ ಕಣ್ಣು. ಅಲ್ಲಿಂದ ಮುಂದೂ ಅವನು ಇದೇ ಪೇತ್ರ.

ಟ್ಯಾನರಿ ರಸ್ತೆಯ ಮನೆ

ಆರನೆಯ ವಾರ ಅಪೊಸ್ತಲರ ಕೃತ್ಯಗಳು. ಎರಡನೆಯ ಅಧ್ಯಾಯದ ಮೂರು ಸಾವಿರ ಜನ, ಮೂರನೆಯದರಲ್ಲಿ ದೇವಾಲಯದ ಬಾಗಿಲ ಕುಂಟ, ನಾಲ್ಕರಲ್ಲಿ ಓದುಬರಹ ಇಲ್ಲದವರು ಎಂದು ಯೆಹೂದ್ಯರ ಹಿರೀಸಭೆ ಬೆರಗಾದದ್ದು, ಇವನ್ನೆಲ್ಲ ಮನೆಯಲ್ಲಿ ಓದಿಕೊಂಡು ಬರಲು ಹೇಳಿ. ಕೂಟದಲ್ಲಿ 9:43ರಿಂದ 11:18ರವರೆಗೆ ಪೂರ್ತಿ ಓದಿ, ಸುಮಾರು ಕಾಲು ಗಂಟೆ ಹಿಡಿಯುತ್ತದೆ.

ಯೊಪ್ಪದಲ್ಲಿ ಅವನು ಇಳಿದುಕೊಂಡದ್ದು ತೊಗಲು ಹದ ಮಾಡುವ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಯ ಚರ್ಮ ಮುಟ್ಟುವ ಕಸುಬು, ಕೆಟ್ಟ ವಾಸನೆ. ಯೆಹೂದ್ಯರು ಅಂಥ ಹದಕೇಂದ್ರಗಳನ್ನು ಊರಿನಿಂದ ಆಚೆ ಇಡುತ್ತಿದ್ದರು. ನಮ್ಮ ಬೆಂಗಳೂರಿನ ಟ್ಯಾನರಿ ರಸ್ತೆಗೆ ಆ ಹೆಸರು ಯಾಕೆ ಬಂತು, ಅಂಥ ಜಾಗಗಳು ಹಳೆಯ ಊರಿನ ಯಾವ ಅಂಚಿನಲ್ಲಿರುತ್ತಿದ್ದವು ಎಂದು ಕೇಳಿದರೆ ಸಾಕು, ಆಟೋ ಓಡಿಸುವವರೇ ಉಳಿದದ್ದನ್ನು ಹೇಳುತ್ತಾರೆ. ಯೆಹೂದ್ಯನಾದ ಪೇತ್ರ ಆ ಮನೆಯಲ್ಲಿ ಬಹುದಿನ ಇದ್ದ. ಅದೇ ಮನೆಯ ಮಾಳಿಗೆಯ ಮೇಲೆ, ಹಸಿವಾದ ಹೊತ್ತಿನಲ್ಲಿ, ನಾಲ್ಕು ಮೂಲೆ ಹಿಡಿದ ಜೋಳಿಗೆಯಂಥ ದರ್ಶನ ಇಳಿದು ಬಂತು. ಅದರಲ್ಲಿದ್ದ, ಯೆಹೂದ್ಯರು ತಿನ್ನಬಾರದ ಪ್ರಾಣಿಗಳನ್ನು ಕೊಯ್ದು ತಿನ್ನು ಎಂದರೆ, ಬೇಡವೇ ಬೇಡ ಕರ್ತನೇ ಎಂದ. ಮೂರನೆಯ ಕೆಂಪು ಗೆರೆ. ಪೆಂತೆಕೊಸ್ತು ಕಳೆದ ಮೇಲೂ "ಬೇಡ" ಬಂತಲ್ಲ ಎಂದು ಯಾರಾದರೂ ಗುರುತಿಸುವವರೆಗೆ ಕಾಯಿರಿ.

ಯೊಪ್ಪದಿಂದ ಕೈಸರೈಯಕ್ಕೆ ಸುಮಾರು 50 ಕಿಲೋಮೀಟರ್, ಇಲ್ಲಿಂದ ರಾಮನಗರಕ್ಕೆ ಹೋದಷ್ಟು. ಆರು ಮಂದಿ ಸಹೋದರರ ಜೊತೆ ಹೊರಟು ಮರುದಿನ ರೋಮ್ ಸೇನೆಯ ಶತಾಧಿಪತಿ ಕೊರ್ನೇಲ್ಯನ ಹೊಸ್ತಿಲು ದಾಟಿದ. ಹಿಂದಿರುಗಿ ಬಂದಾಗ ಯೆರೂಸಲೇಮಿನವರ ಆಕ್ಷೇಪ ದೀಕ್ಷಾಸ್ನಾನದ ಬಗ್ಗೆ ಅಲ್ಲ. 11:3 ನೋಡಿ: ನೀನು ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರ ಜೊತೆ ಊಟ ಮಾಡಿದೆ! ಆಗ ಪೇತ್ರ ನಡೆದದ್ದನ್ನು ಕ್ರಮವಾಗಿ ಹೇಳಿ, ದೇವರನ್ನು ತಡೆಯಲು ನಾನು ಯಾರು ಎಂದು ಗಟ್ಟಿಯಾಗಿ ನಿಂತ.

ಹನ್ನೆರಡನೆಯ ಅಧ್ಯಾಯದಿಂದ ಒಂದೇ ಚಿತ್ರ ಸಾಕು. ಜೆಬೆದಾಯನ ಮಗ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ ಅರಸ ಹೆರೋದನು ಪೇತ್ರನನ್ನೂ ಹಿಡಿಸಿದ್ದಾನೆ. ಮಾರನೆಯ ದಿನ ಜನರ ಮುಂದೆ ನಿಲ್ಲಿಸುವ ಯೋಚನೆ. ಆ ರಾತ್ರಿ ಇಬ್ಬರು ಸಿಪಾಯಿಗಳ ನಡುವೆ ಸರಪಳಿ ಹಾಕಿಸಿಕೊಂಡು ಪೇತ್ರ ನಿದ್ದೆ ಮಾಡುತ್ತಿದ್ದ. ಯೇಸುವನ್ನು ಹಿಡಿದ ರಾತ್ರಿ ಗೆತ್ಸೆಮನೆ ತೋಟದಲ್ಲೂ ನಿದ್ದೆ ಮಾಡಿದ್ದ. ಎರಡು ನಿದ್ದೆಗೂ ಇರುವ ಅಂತರವನ್ನು ನೈಟ್ ಡ್ಯೂಟಿಯ ನರ್ಸ್ ಅಕ್ಕ ಹೇಳಿದ ಹಾಗೆ ನಾನು ಹೇಳಲಾರೆ: "ದಣಿದು ಬೀಳೋದು ಬೇರೆ, ಒಪ್ಪಿಸಿ ಮಲಗೋದು ಬೇರೆ."

ಅಂತಿಯೋಕ್ಯದ ಪಂಕ್ತಿ

ಏಳನೆಯ ವಾರ ಗಲಾತ್ಯದವರಿಗೆ 2:11ರಿಂದ 14. ನಾಲ್ಕೇ ವಚನ. ನಿಧಾನವಾಗಿ, ಮೂರು ಸಲ ಓದಿ.

ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಪೇತ್ರ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ (ಇವನು ಯೇಸುವಿನ ಸಹೋದರ, ಹೆರೋದನು ಕೊಲ್ಲಿಸಿದವನಲ್ಲ) ಕಡೆಯಿಂದ ಕೆಲವರು ಬಂದರು. ಅವರಿಗೆ ಹೆದರಿ ಹಿಂದೆ ಸರಿದು ಬೇರೆಯಾದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು, ಪೌಲನ ಜೊತೆಗಾರ ಬಾರ್ನಬನೂ ಆ ಸೆಳೆತಕ್ಕೆ ಸಿಕ್ಕಿಹೋದ. ಗ್ರೀಕ್ ಕ್ರಿಯಾಪದದ ರೂಪ ನೋಡಿದರೆ ಇದು ಒಂದೇ ದಿನ ತಟ್ಟೆ ಬಿಟ್ಟು ಎದ್ದದ್ದಲ್ಲ, ಸ್ವಲ್ಪಸ್ವಲ್ಪವೇ ಸರಿಯುತ್ತಾ ಹೋದದ್ದು. ಪೌಲ ಎಲ್ಲರ ಮುಂದೆ ಮುಖಾಮುಖಿ ಎದುರಿಸಿದ. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಉಂಟು: ಪಂಕ್ತಿಭೇದ. ಆ ಪದವನ್ನೇ ಬಳಸಿ. ಭಿನ್ನಾಭಿಪ್ರಾಯ, ಗೊಂದಲ ಎಂದು ಮೆತ್ತಗೆ ಮಾಡಬೇಡಿ.

ಮೂರು ಕಾಲಂ ತುಂಬಿಸಿದೆವು. ಎಲ್ಲಿ: ಊಟದ ಸಾಲಿನಲ್ಲಿ. ಯಾರ ಜೊತೆ: ಮೊದಲು ಅವರ ಜೊತೆ, ಆಮೇಲೆ ಇವರ ಜೊತೆ. ಭಯ: ಜನ ಏನಂದಾರು. ಹುಡುಗಿ ನೋಟ್‌ಬುಕ್ಕನ್ನು ನಾಲ್ಕನೆಯ ವಾರಕ್ಕೆ ತಿರುಗಿಸಿ, ಅಂಗಳದ ಪುಟದಲ್ಲೂ ಇದೇ ಬರೆದಿದೆ ಎಂದಳು.

ಆವತ್ತು ಮೇ ತಿಂಗಳ ಜೋರು ಮಳೆ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಹೊರಡಲಾಗದೆ ಬಾಗಿಲ ಹತ್ತಿರ ಕೂತಿದ್ದಳು. ರಾಯಚೂರು ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ನಮ್ಮ ಮನೆಗೆ ಆರು ವರ್ಷದಿಂದ ಬರುತ್ತಾಳೆ. ನಾವು ಪೇತ್ರನ ಬಗ್ಗೆ, ಪೌಲನ ಬಗ್ಗೆ, ಯಾರು ಸರಿ ಯಾರು ತಪ್ಪು ಎಂದು ಮಾತಾಡುತ್ತಿದ್ದೆವು. ಅವಳು ಅಲ್ಲಿಂದಲೇ ಕೇಳಿದಳು:

"ಅಕ್ಕಾರ, ಅಂವ ಎದ್ದು ಹ್ವಾದ. ಅವನ ಸಂಗಾಟ ಉಣ್ಣಾಕ ಕುಂತಿದ್ರಲ್ರಿ, ಅವ್ರು ಉಂಡ್ರಾ, ಹಂಗ ಎದ್ರಾ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಅವಳ ಕೈಯಲ್ಲಿ ಟೀ ಲೋಟ ಇತ್ತು. ಉಳಿದವರ ಕೈಯಲ್ಲಿದ್ದದ್ದು ಹೂವಿನ ಚಿತ್ರದ ಪಿಂಗಾಣಿ ಕಪ್ಪು. ಅವಳದು ಅಡುಗೆಮನೆ ಕಿಟಕಿಯ ಮೇಲೆ ಬೋರಲು ಹಾಕಿಡುವ ಸ್ಟೀಲ್ ಲೋಟ. ಆರು ವರ್ಷದಿಂದ ಅದು ಅಲ್ಲೇ ಇತ್ತು. ಅದನ್ನು ಅಲ್ಲಿ ಇಟ್ಟವಳು ನಾನು. ಬೇರೆ ಇಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಎಲ್ಲರ ಮನೆಯಲ್ಲೂ ಇತ್ತು, ನಮ್ಮ ಮನೆಯಲ್ಲೂ ಇತ್ತು, ಅಷ್ಟೇ. ನಾನು ಅದನ್ನು ಕೂಟದ ಮುಂದೆ ಹೇಳಿದೆ, ಅವಳ ಮುಂದೆಯೇ ಹೇಳಿದೆ, ತಪ್ಪಾಯಿತು ಎಂದೆ. ಅವಳು ಸ್ವಲ್ಪ ಹೊತ್ತು ನೆಲ ನೋಡುತ್ತಾ ಕೂತಿದ್ದು, "ಗೊತ್ತಿತ್ರಿ ಅಕ್ಕಾರ" ಎಂದಳು.

ಈ ವಾರವನ್ನು ನಡೆಸುವವರಿಗೆ ನನ್ನ ಮಾತು ಇದು: ಆ ಅಧ್ಯಾಯ ಓದುವ ಮೊದಲು ನಿಮ್ಮ ಅಡುಗೆಮನೆಯ ಕಿಟಕಿ ನೋಡಿಕೊಳ್ಳಿ. ಬೇರೆ ಲೋಟ ಇದ್ದರೆ ಓದುವ ಮೊದಲೇ ಎತ್ತಿಡಿ. ಕೂಟದಲ್ಲಿ ಪಾಠಕ್ಕೆಂದು ಉಳಿಸಿಕೊಳ್ಳಬೇಡಿ, ಯಾರದೋ ನೋವನ್ನು ಉದಾಹರಣೆ ಮಾಡುವುದು ಸರಿಯಲ್ಲ. ನನಗೆ ಮೊದಲೇ ಕಾಣಲಿಲ್ಲ, ಅದಕ್ಕೆ ಅವಳು ಎಲ್ಲರೆದುರು ಕೇಳಬೇಕಾಯಿತು.

ಪೌಲನ ಮಾತಿಗೆ ಪೇತ್ರ ಏನು ಉತ್ತರ ಕೊಟ್ಟನೆಂದು ಆ ಪತ್ರದಲ್ಲಿ ಇಲ್ಲ. ಅದನ್ನು ನೀವು ತುಂಬಿಸಲು ಹೋಗಬೇಡಿ. ಮುಂದಿನ ವಾರದ ಪತ್ರದವರೆಗೆ ಹಾಗೇ ಬಿಡಿ.

ಕೊನೆಯ ಗುರುವಾರ

1 ಪೇತ್ರ 5ನೇ ಅಧ್ಯಾಯ, ಜೊತೆಗೆ 2 ಪೇತ್ರ 3:15, 16. ಈ ಎರಡನೆಯ ಪತ್ರವನ್ನು ಪೇತ್ರನೇ ಬರೆದನೋ ಅವನ ಹೆಸರಿನಲ್ಲಿ ಬೇರೆಯವರು ಬರೆದರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೂಟದಲ್ಲಿ ಅದನ್ನು ಮುಚ್ಚಿಡುವುದು ಬೇಡ. ಆದರೆ ಪೇತ್ರನನ್ನು ಬಲ್ಲ ಸಭೆ ಅವನ ಬಾಯಲ್ಲಿ ಇಟ್ಟುಕೊಂಡು ಬಂದ ಮಾತು ಏನೆಂದು ನೋಡಿ: ನಮ್ಮ ಪ್ರಿಯ ಸಹೋದರನಾದ ಪೌಲ. ಎಲ್ಲರ ಮುಂದೆ ಮುಖಕ್ಕೆ ಹೇಳಿದವನನ್ನು ಪ್ರಿಯ ಎನ್ನುವುದು.

ಮೊದಲ ಪತ್ರದಲ್ಲಿ ಅವನು ಹಿರಿಯರಿಗೆ ಬರೆಯುವಾಗ ಅಪೊಸ್ತಲನ ಅಧಿಕಾರ ಮುಂದೆ ಇಡುವುದಿಲ್ಲ, ನಾನೂ ನಿಮ್ಮಂಥ ಒಬ್ಬ ಹಿರಿಯ ಎನ್ನುತ್ತಾನೆ. ಮಂದೆಯನ್ನು ಮೇಯಿಸಿರಿ, ದೊರೆತನ ಮಾಡಬೇಡಿರಿ ಎನ್ನುತ್ತಾನೆ. ದಡದ ಮೇಲೆ ಕೇಳಿಸಿಕೊಂಡದ್ದೇ ಇದು. ಐದನೆಯ ವಚನದಲ್ಲಿ ದೀನಭಾವವನ್ನು ಧರಿಸಿಕೊಳ್ಳಿ ಎಂಬಲ್ಲಿ ಇರುವ ಗ್ರೀಕ್ ಪದಕ್ಕೆ ಗಂಟು ಹಾಕಿ ಕಟ್ಟಿಕೊಳ್ಳುವುದು ಎಂಬ ಅರ್ಥವಿದೆ. ಆಳುಗಳು ಕೆಲಸಕ್ಕೆ ಮುಂಚೆ ಮೇಲೊಂದು ಬಟ್ಟೆ ಕಟ್ಟಿಕೊಳ್ಳುತ್ತಿದ್ದರಲ್ಲ, ಹಾಗೆ. ಇಲ್ಲಿ ಯೋಹಾನ 13ಕ್ಕೆ ಪುಟ ತಿರುಗಿಸಿ. ನನ್ನ ಕಾಲು ತೊಳೆಯಕೂಡದು ಎಂದವನಿಗೆ ಆ ಬಟ್ಟೆ ಮರೆತಿರಲಿಲ್ಲ.

ಅವನ ಮರಣದ ಬಗ್ಗೆ ಸತ್ಯವೇದದಲ್ಲಿ ಯೋಹಾನ 21:18ರ ಸೂಚನೆ ಬಿಟ್ಟರೆ ಬೇರೆ ವಿವರವಿಲ್ಲ. ನೀರೋ ಚಕ್ರವರ್ತಿಯ ಕಾಲದಲ್ಲಿ, 64ರಿಂದ 68ರ ನಡುವೆ, ರೋಮಿನಲ್ಲಿ ಶಿಲುಬೆಗೆ ಹಾಕಿದರೆಂದು ಹಳೆಯ ಸಭೆಯ ಪರಂಪರೆ ಹೇಳುತ್ತದೆ. ತಲೆಕೆಳಗಾಗಿ ಎಂಬುದೂ ಆ ಪರಂಪರೆಯದೇ. ಪೇತ್ರ ಪೌಲ ಇಬ್ಬರನ್ನೂ ಜೂನ್ 29ರಂದು ಒಟ್ಟಿಗೇ ನೆನೆಯುತ್ತಾರೆ. ಇಷ್ಟು ಹೇಳಿ ಮುಂದೆ ಹೋಗಿ.

ಅಧ್ಯಾಯವನ್ನು ಯಾರು ಓದುತ್ತೀರಿ ಎಂದಾಗ ಬಾಗಿಲ ಕಡೆಯಿಂದ "ನಾ ಓದ್ತೀನ್ರಿ" ಎಂಬ ದನಿ ಬಂತು. ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದಾಳಂತೆ. ನನಗೆ ಅದೂ ಗೊತ್ತಿರಲಿಲ್ಲ. ಹೊಸ ಭಾಷಾಂತರ ಕೊಟ್ಟೆವು. ಕಂಡಕ್ಟರ್ ಅಣ್ಣ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅಕ್ಷರ ಕೂಡಿಸಿಕೊಂಡು ಹದಿನಾಲ್ಕು ವಚನ ಓದಲು ಇಪ್ಪತ್ತು ನಿಮಿಷ ಹಿಡಿಯಿತು. ಯಾರೂ ಮಧ್ಯೆ ಪದ ಎತ್ತಿಕೊಡಲಿಲ್ಲ. ನೀವೂ ಹಾಗೆ ಸಮಯ ಇಟ್ಟುಕೊಳ್ಳಿ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೂರು ಕಾಲಂ ಎಳೆದು ಏನೂ ಬರೆಯದೆ ಬಿಡಿ. ಎಲ್ಲಿದ್ದೇನೆ, ಯಾರ ಜೊತೆ, ಯಾವ ಭಯ ಎಂದು ಅವರವರು ಮನೆಗೆ ಹೋಗಿ ತಮ್ಮ ಹಾಳೆಯಲ್ಲಿ ಬರೆದುಕೊಳ್ಳಲಿ, ಓದಿ ತೋರಿಸಲು ಕೇಳಬೇಡಿ.

ನಮ್ಮಲ್ಲಿ ಎಂಟೂವರೆಗೆ ಮುಗಿಯಿತು. ಪಿಂಗಾಣಿ ಕಪ್ಪುಗಳು ಅಷ್ಟು ಮಂದಿಗೆ ಸಾಲದೆ ಆ ದಿನ ಎಲ್ಲರಿಗೂ ಸ್ಟೀಲ್ ಲೋಟದಲ್ಲೇ ಟೀ ಕೊಟ್ಟಿದ್ದೆ. ತೊಳೆಯುವ ಸರದಿ ಕಂಡಕ್ಟರ್ ಅಣ್ಣನದು.